ಆಚಾರ್ರು ಹತ್ತದ ಕಾರು

ವೀರಾಚಾರ್ರು ರಸ್ತೆಯ ನಡುವೆ ನಡೆದವರಲ್ಲ. ಎತ್ತಿನಗಾಡಿಯ ಚಕ್ರ ಕೊರೆದ ಜಾಡಿನಲ್ಲೇ ಹೆಜ್ಜೆಯಿಟ್ಟು ನಡೆಯುವರು. ಹಳೇಬೀಡಿನ ಸುತ್ತಮುತ್ತಲ ಚಕ್ರಗಳಲ್ಲಿ ಅರ್ಧಕ್ಕರ್ಧ ಅವರ ಕೈಯಿಂದ ಬಂದವು. ಆದರೆ ತಾವು ಮಾತ್ರ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. "ಚಕ್ರ ಮಾಡೋನು ನಡೀಬೇಕು ಕಣ್ಲಾ. ಕೂತ್ರೆ ಗರ್ವ ಬತ್ತದೆ" ಎನ್ನುವರು.

ನನಗೆ ಆ ಗರ್ವ ಬಂದಾಗಿತ್ತು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು, ಬಸದಿಯ ಹತ್ತಿರದ ಜಮೀನ್ದಾರ ಪದ್ಮಯ್ಯನವರ ಕಾರಿಗೆ ಡ್ರೈವರಾಗಿದ್ದೆ. ಕಾರು ಹಳೆಯದು, ಆದರೆ ಊರಿಗೆಲ್ಲ ಅದೊಂದೇ.

ಒಂದು ದಿನ ತೆಂಗಿನಕಾಯಿ ಗಾಡಿಗೆ ದಾರಿ ಬಿಡಲು ಹೋಗಿ ಕಾರನ್ನು ಹಳ್ಳಕ್ಕಿಳಿಸಿದೆ. ಸ್ಟೇರಿಂಗಿನ ಮರದ ಬಳೆ ನನ್ನ ಎದೆಗೆ ಬಡಿದು ಮೂರು ತುಂಡಾಯಿತು. ಹಿಚುಕಿ ಕೂಗಿಸುವ ಹಾರನ್ನಿನ ರಬ್ಬರ್ ಬುರುಡೆ ಹರಿಯಿತು, ಒಳಗಿನ ಹಿತ್ತಾಳೆಯ ನಾಲಿಗೆ ಮುರಿಯಿತು. ಬೆಂಗಳೂರಿನಿಂದ ಹೊಸದು ಬರಲು ತಿಂಗಳು ಬೇಕು.

"ಸೋಮವಾರ ಮಗಳು ಮಗೂನ ಎತ್ಕೊಂಡು ಅರಸೀಕೆರೆ ಸ್ಟೇಷನ್ನಿಗೆ ಬರ್ತಾಳೆ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಇದನ್ನ ಮಾರ್ಬಿಡ್ತೀನಿ ನಂಜಪ್ಪ. ನೀನು ತೋಟ ನೋಡ್ಕೊ" ಎಂದರು ಪದ್ಮಯ್ಯನವರು.

ತೋಟದ ಕೆಲಸ ಕೀಳಲ್ಲ. ಆದರೆ ಊರಿನಲ್ಲಿ ನನ್ನ ತಲೆ ಎತ್ತಿ ನಿಲ್ಲಿಸಿದ್ದು ಆ ಸ್ಟೇರಿಂಗ್ ಚಕ್ರ.

ತುಂಡುಗಳನ್ನು ಟವಲಿನಲ್ಲಿ ಕಟ್ಟಿಕೊಂಡು ಆಚಾರ್ರ ಹತ್ತಿರ ಹೋದೆ. ಅವರು ಗಾಡಿಚಕ್ರಕ್ಕೆ ಮಾಡುವಂತೆಯೇ ಹೊನ್ನೆಮರದ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ ಬಳೆ ಕಟ್ಟಿದರು. ಆಮೇಲೆ ಒಂದು ಗೂಟಕ್ಕೆ ಸಿಕ್ಕಿಸಿ, ನನ್ನನ್ನು ಎದುರಿಗೆ ಕೂರಿಸಿ, ಅಂಗೈಗೆ ಕೆಮ್ಮಣ್ಣು ಬಳಿದರು.

"ಕಣ್ಮುಚ್ಚು. ಹೊರಡು ಅರಸೀಕೆರೆಗೆ."

"ಇಲ್ಲಿಂದಲೇ?"

"ಇನ್ನೆಲ್ಲಿಂದ್ಲಾ? ಹಿಡಿ ಚಕ್ರನ."

ನಾಚಿಕೆಯಾದರೂ ಹಿಡಿದೆ. ನಿಧಾನವಾಗಿ ಕೆರೆ ಏರಿ ಬಂತು, ನೀರಿನ ತಂಪು ಬಂತು, ಹುಣಸೆಮರಗಳ ನೆರಳು ಮುಖದ ಮೇಲೆ ಹಾದುಹೋಯಿತು.

"ಈಗೆಲ್ಲಿದ್ದೀವಿ?" ಎಂದರು ಆಚಾರ್ರು, ಪಕ್ಕದ ಸೀಟಿನಲ್ಲಿ ಕೂತವರ ಹಾಗೆ.

"ಜಾವಗಲ್ಲು ಬಂತು."

"ಸಂತೆ ಐತಾ?"

"ಐತೆ. ಜನ ತುಂಬವ್ರೆ."

"ಮೆಲ್ಲಗೋಗು ಮತ್ತೆ."

ಅರಸೀಕೆರೆ ತಲುಪಿ ಕಣ್ಣು ತೆರೆದಾಗ ಬಳೆಯ ಮೇಲೆ ನನ್ನ ಕೈಗಳ ಕೆಂಪು ಗುರುತು ಬಿದ್ದಿತ್ತು. ಹೆಬ್ಬೆರಳು ಒತ್ತಿದ ಎರಡು ಕಡೆ ಆಚಾರ್ರು ಉಳಿಯಿಂದ ಸಣ್ಣ ಗುಳಿ ತೋಡಿದರು.

ಹಾರನ್ನಿನ ಮೇಲೆ ಮಾತ್ರ ಅವರಿಗೆ ಹಳೆಯ ಸಿಟ್ಟು. ಅದರ ಕಿರುಚಾಟಕ್ಕೆ ಎತ್ತು ಬೆದರಿ ಎಷ್ಟೋ ಗಾಡಿಗಳ ಅಚ್ಚು ಮುರಿದಿದ್ದವು. ಬುರುಡೆಗೆ ಸೈಕಲ್ ಟ್ಯೂಬಿನ ತೇಪೆ ಹಾಕಿದರು. ಹೊಸ ಹಿತ್ತಾಳೆ ನಾಲಿಗೆಯನ್ನು ಎರಡು ದಿನ ಅರದಿಂದ ಉಜ್ಜಿದರು. ಕೊನೆಗೆ ಹಿಚುಕಿ ನೋಡಿದರೆ "ಅಂಬಾ" ಎಂದಿತು!

"ಹಾರನ್ ಅಂದ್ರೆ ಗದರಬೇಕು ಆಚಾರ್ರೇ!"

"ಗದರೋದ್ಯಾಕ್ಲಾ? ಮೆಲ್ಲಗೆ ಕರೆದ್ರೆ ಬರಾಕಿಲ್ವಾ?"

"ಬರೋದಲ್ಲ, ಪಕ್ಕಕ್ಕೆ ಹೋಗಬೇಕು!"

ಅಷ್ಟರಲ್ಲಿ ಸೋಮವಾರ ಬಂದೇಬಿಟ್ಟಿತ್ತು. ತಿದ್ದಲು ಹೊತ್ತಿರಲಿಲ್ಲ.

ಸ್ಟೇಷನ್ನಿನಿಂದ ಹೊರಟಾಗಿನಿಂದ ಮಗು ಒಂದೇ ಸಮನೆ ಅಳುತ್ತಿತ್ತು. ಜಾವಗಲ್ಲಿನ ಈಚೆಗೆ ದನದ ಹಿಂಡು ಅಡ್ಡ ಬಂತು. ಬೇರೆ ದಾರಿಯಿಲ್ಲದೆ ಹಾರನ್ ಒತ್ತಿದೆ. ಕರು ಕರೆಯಿತೆಂದುಕೊಂಡು ಹಸುಗಳೆಲ್ಲ ಓಡಿಬಂದು ಕಾರನ್ನು ಸುತ್ತುವರಿದು ಬಾನೆಟ್ಟು ನೆಕ್ಕತೊಡಗಿದವು. ಪಕ್ಕದಲ್ಲಿ ಕೂತಿದ್ದ ಪದ್ಮಯ್ಯನವರ ಮುಖ ಕೆಂಪಾಯಿತು. ನನ್ನ ಡ್ರೈವರಿಕೆ ಮುಗಿಯಿತು ಎಂದುಕೊಂಡೆ.

ಆದರೆ ಹಿಂದಿನ ಸೀಟಿನಲ್ಲಿ ಸದ್ದಿರಲಿಲ್ಲ. ಮಗು ಅಳು ನಿಲ್ಲಿಸಿ ಕಣ್ಣರಳಿಸಿ ನೋಡುತ್ತಿತ್ತು.

"ಅಪ್ಪಾಜಿ, ಇನ್ನೊಂದ್ಸಲ ಕೂಗ್ಸಿ" ಎಂದರು ಮಗಳು.

ಪದ್ಮಯ್ಯನವರು ಕೈ ಚಾಚಿ ತಾವೇ ಒತ್ತಿದರು. ಊರು ಮುಟ್ಟುವವರೆಗೂ ಒತ್ತುತ್ತಲೇ ಇದ್ದರು. ಕಾರು ಮಾರುವ ಮಾತು ಮತ್ತೆ ಬರಲಿಲ್ಲ.

ಎಂಟು ವರ್ಷದ ಮೇಲೆ ಆಚಾರ್ರು ಹಾಸಿಗೆ ಹಿಡಿದರೆಂದು ಕೇಳಿ, ಒಂದು ಮಧ್ಯಾಹ್ನ ಕಾರನ್ನು ಅವರ ಬಾಗಿಲಿಗೇ ತಂದೆ.

"ಹಾಸನದ ಆಸ್ಪತ್ರೆಗೆ ಹೋಗಿಬರಾಣ. ಇವತ್ತೊಂದಿನ ಹತ್ತಿ ಆಚಾರ್ರೇ."

"ಹತ್ತಾಕಿಲ್ಲ" ಎಂದು ನಕ್ಕರು. ನನ್ನ ಕೈ ಹಿಡಿದು ಹೆಬ್ಬೆರಳು ಸವರಿ ನೋಡಿದರು. "ಕೂತ್ಕೊ ಇಲ್ಲಿ. ಕಣ್ಮುಚ್ಚು. ಹೊರಡು ಅರಸೀಕೆರೆಗೆ, ಅವತ್ತಿನಂಗೆ."

ಹಾಸಿಗೆಯ ಪಕ್ಕದಲ್ಲಿ ಕೂತು ಖಾಲಿ ಗಾಳಿಯಲ್ಲಿ ಚಕ್ರ ಹಿಡಿದೆ. ಕೆರೆ ಏರಿ ಬಂತು, ಹುಣಸೆಯ ನೆರಳು ಬಂತು.

"ಈಗೆಲ್ಲಿದ್ದೀವಿ?"

"ಜಾವಗಲ್ಲು, ಆಚಾರ್ರೇ. ಇವತ್ತು ಸಂತೆ ಇಲ್ಲ. ದಾರಿ ಖಾಲಿ ಐತೆ."

ಅದಾದ ಮೇಲೆ ಅವರು ಏನೂ ಕೇಳಲಿಲ್ಲ. ನಾನು ಕಣ್ಣು ತೆರೆಯಲಿಲ್ಲ. ಅವರನ್ನು ಕೂರಿಸಿಕೊಂಡು, ಮೆಲ್ಲಗೆ, ಅರಸೀಕೆರೆಯವರೆಗೂ ಹೋದೆ.