ಕಣ್ಣಿಗೆ ಕಾಣದ ಗ್ರಹಣ

ಬೆಳಕು ಹರಿಯುವ ಮುಂಚೆ ಗೋಕರ್ಣಾ ಎಮ್ಮೆಯ ಸಗಣಿ ಬಾಚಬೇಕು, ಕೈಪಂಪಿನಿಂದ ನೀರು ಹೊರಬೇಕು, ಅಂಗಳ ಸಾರಿಸಬೇಕು, ಜೋಳದ ರೊಟ್ಟಿ ಬಡಿಯಬೇಕು, ಹಸಿಮೆಣಸಿನಕಾಯಿಯ ಠೇಚಾ ಕುಟ್ಟಬೇಕು, ಗಂಡ ಮುಂಜಾಜಿಗೆ ಬುತ್ತಿ ಕಟ್ಟಬೇಕು, ಆಮೇಲೆ ಅವನನ್ನು ಎಬ್ಬಿಸಬೇಕು. ಏಳು ತಿಂಗಳ ಬಸುರು ಇದರಲ್ಲಿ ಒಂದನ್ನೂ ಕಡಿಮೆ ಮಾಡಿರಲಿಲ್ಲ. ಹೋದ ವರ್ಷ ಹೀಗೇ ಏಳು ತಿಂಗಳಾದಾಗ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಭಾರ ಎತ್ತಬೇಡ ಎಂದು ಹಿಂಗೋಲಿಯ ಡಾಕ್ಟರ್‌ಬಾಯಿ ಹೇಳಿದ್ದಕ್ಕೆ ಅತ್ತೆ ಪದ್ಮಿಣಬಾಯಿ, "ಮಲಗಿ ಹೆರೋಕೆ ನಾವೇನು ರಾಣಿಯರಾ?" ಎಂದಿದ್ದಳು.

ಆ ಭಾನುವಾರ, ಆಕಾಶದ ಅಲೆ ಅಳೆಯಲು ಗುಡ್ಡದಾಚೆ ಕಟ್ಟುತ್ತಿರುವ ದೊಡ್ಡ ಯಂತ್ರದ ಕಡೆಯಿಂದ ಒಬ್ಬ ಮೇಡಂ ಬಂದು ಶಾಲೆಯಲ್ಲಿ ಹೆಂಗಸರಿಗೆ ವಿವರಿಸಿದಳು. ಬೆಳಕೇ ಇಲ್ಲದ ಎರಡು ಕಪ್ಪು ಕುಳಿಗಳು ಒಂದನ್ನೊಂದು ನುಂಗಿದರೆ ಆಕಾಶವೇ ಅಲುಗುತ್ತದಂತೆ. ಆ ಅಲೆ ಗೋಡೆ, ಮಣ್ಣು, ಮನುಷ್ಯರನ್ನೆಲ್ಲ ಎಳೆದು ಹಿಂಡಿ ದಾಟುತ್ತದಂತೆ. ದುರ್ಬೀನಿಗೆ ಕಾಣದ್ದು ಅದರಿಂದ ತಿಳಿಯುತ್ತದಂತೆ. ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಚಿನ್ನ ಹುಟ್ಟುವುದೂ ಹಾಗೆಯೇ ತಿಳಿಯಿತಂತೆ.

"ಅಂದ್ರೆ ನನ್ನ ಮಂಗಳಸೂತ್ರ ಸತ್ತೋರ ಮನೇದಾ?" ಪದ್ಮಿಣಬಾಯಿ ಗಾಬರಿಯಾದಳು. "ಹೊಟ್ಟೇಲಿರೋ ಕೂಸನ್ನೂ ಹಿಂಡತ್ತಾ?"

"ಹಿಂಡತ್ತೆ ಮಾವಶೀ, ಆದ್ರೆ ಧೂಳಿನ ಕಣಕ್ಕಿಂತ ಎಷ್ಟೋ ಕಮ್ಮಿ..." ಎಂದಳು ಮೇಡಂ.

ಹಿಂಡತ್ತೆ ಅನ್ನುವ ತನಕ ಕೇಳಿದ್ದೇ ಪದ್ಮಿಣಬಾಯಿಗೆ ಸಾಕಾಯಿತು. ಮಾರನೆಯ ದಿನವೇ ಮನೆಯಲ್ಲಿ ವೇಧ, ಗ್ರಹಣ ಹಿಡಿದಾಗಿನ ಕಟ್ಟುಪಾಡು, ಶುರುವಾಯಿತು. ಬಸುರಿ ಹೆಚ್ಚಬಾರದು, ಕುಟ್ಟಬಾರದು, ಹೊಸ್ತಿಲು ದಾಟಬಾರದು. "ಉಪವಾಸ ಬೇಡ, ಊಟ ಮಾಡು. ಇದು ಯಾವಾಗ ಬಿಡತ್ತೋ ಯಾರಿಗೆ ಗೊತ್ತು."

"ಏ ಮುಂಜ್ಯಾ, ಕೊಡ ಎತ್ತು!" ಎಂದು ಮಗನನ್ನು ಕೂಗಿದಳು.

"ಊರೋರು ನಗ್ತಾರೆ, ಆಯೀ."

"ನಗಲಿ. ಕೂಸು ಊರೋರದಾ?"

ಗೋಕರ್ಣಾ ಕೌದಿಯ ಮೇಲೆ ಮಲಗಿ ತಾರಸಿ ನೋಡಿದಳು. ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಡಾಕ್ಟರ್‌ಬಾಯಿಯಿಂದ ಇಳಿಸಲಾಗದ ಕೊಡವನ್ನು ಎಲ್ಲಿಯದೋ ಕಪ್ಪು ಕುಳಿ ಇಳಿಸಿತ್ತು. ಹಾಗಾದರೆ ಹೋದ ವರ್ಷ ಕೂಸನ್ನು ಹಿಂಡಿದ್ದು ಯಾವುದು, ಆ ಅಲೆಯೋ, ಈ ಕೊಡವೋ? ಒಳಗೆ ಮಗು ಒದೆಯಿತು. ಅದು ತಾನೇ ಒದ್ದದ್ದೋ, ಆಕಾಶ ಅಲುಗಿದ್ದೋ?

ಸೊಸೆಯ ಕೆಲಸವನ್ನೂ ತಾನೇ ಮಾಡಿ ಗುರುವಾರದ ಹೊತ್ತಿಗೆ ಪದ್ಮಿಣಬಾಯಿಯ ಮಂಡಿ ಊದಿತ್ತು. "ಆ ಮೇಡಂಗೆ ಫೋನ್ ಹಚ್ಚು. ಯಾವಾಗ ಬಿಡತ್ತೆ ಕೇಳು" ಎಂದು ಸೊಸೆಗೆ ಹೇಳಿ ಒಲೆಯ ಮುಂದೆ ಕೂತಳು.

ಮೇಡಂ ಫೋನಿನಲ್ಲಿ ನಕ್ಕಳು. "ನಮಗೆ ಗೊತ್ತಾಗೋ ಹೊತ್ತಿಗೆ ಅದು ದಾಟಿ ಹೋಗಿರತ್ತೆ ಗೋಕರ್ಣಾ. ಯಾರಿಗೂ ಏನೂ ಆಗಲ್ಲ."

"ಮತ್ತೆ ಬರತ್ತಾ?"

"ಬರ್ತಾನೇ ಇರತ್ತೆ."

ಗೋಕರ್ಣಾ ಫೋನ್ ಇಟ್ಟಳು. ಏನೂ ಆಗಲ್ಲ ಅನ್ನುವುದು, ಬರ್ತಾನೇ ಇರತ್ತೆ ಅನ್ನುವುದು, ಎರಡೂ ನಿಜವೇ.

"ಏನಂದಳೇ?" ಒಲೆಯ ಕಡೆಯಿಂದ ದನಿ ಬಂತು.

"ಬರ್ತಾನೇ ಇರತ್ತಂತೆ, ಅತ್ತೆ" ಎಂದು ಅಷ್ಟನ್ನೇ ಹೇಳಿ, ಅವಳು ಎಡಮಗ್ಗುಲಿಗೆ ಹೊರಳಿ ಮಲಗಿದಳು.