ಚಾವಡಿಗೆ ಬಳಿದ ಹಸಿರು

ನನ್ನನ್ನು ನೋಡಲು ಕಾರ್ಕಳದಿಂದ ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾದ ಕೂಡಲೇ ಅಮ್ಮ ಕರೆಸಿದ್ದು ಪೈಂಟರನ್ನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಪುವಿನ ನಮ್ಮ ಮನೆಯಲ್ಲಿ ನೆಂಟರನ್ನು ಕೂರಿಸುವ ಚಾವಡಿಗೆ ಇದ್ದದ್ದು ಒಂದೇ ಕಿಟಕಿ, ಅದರ ಕೆಳಗೆ ನನ್ನ ಹೊಲಿಗೆ ಮಿಷನ್ನು. ಹಗಲಲ್ಲೂ ಸೂಜಿಗೆ ನೂಲು ಪೋಣಿಸಲು ಒದ್ದಾಡಬೇಕಿತ್ತು. ಹಾಗಾಗಿ ನಾನು ತಿಳಿಹಳದಿ ಬೇಕೆಂದೆ. ಅಮ್ಮನಿಗೆ ಕಡುಹಸಿರೇ ಆಗಬೇಕಿತ್ತು. ಏಕೆಂದು ಹೇಳಲಿಲ್ಲ.

ಪೈಂಟರ್ ಎರಡೂ ಬಣ್ಣಗಳನ್ನು ಗೋಡೆಯ ಮೇಲೆ ಅಕ್ಕಪಕ್ಕ ಬಳಿದು ಹೋದ. ಒಣಗಿದ ಮೇಲೆ ಅಮ್ಮ ನನ್ನನ್ನು ಮೊದಲು ಹಳದಿಯ ಮುಂದೆ, ಆಮೇಲೆ ಹಸಿರಿನ ಮುಂದೆ ಸ್ಟೂಲಿನಲ್ಲಿ ಕೂರಿಸಿದರು. ಸೋದರಮಾವ ಬಾಗಿಲಲ್ಲಿ ನಿಂತು, ಸೀರೆ ಆರಿಸುವವರ ಹಾಗೆ ತಲೆ ಓರೆ ಮಾಡಿ ನೋಡಿದರು.

“ಹಳದಿಯಾದರೆ ಇವಳು ಇನ್ನೂ ಕಪ್ಪು ಕಾಣ್ತಾಳೆ ಅಕ್ಕ. ಹಸಿರಾದರೆ ಅಡ್ಡಿಯಿಲ್ಲ.”

“ನಾನು ಎಂತ ಹೇಳಿದ್ದು ಮತ್ತೆ?” ಎಂದರು ಅಮ್ಮ.

“ಮಾವ, ಮದುವೆಯಾದ ಮೇಲೆ ಈ ಗೋಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಾರ್ಕಳಕ್ಕೆ ಹೋಗುವುದಾ ನಾನು?” ಎಂದು ಕೇಳಿಯೇಬಿಟ್ಟೆ. ಮಾವ ನಕ್ಕರು. ಅಮ್ಮ ನಗಲಿಲ್ಲ.

ಚಾವಡಿಯೆಲ್ಲ ಹಸಿರಾಯಿತು. ಇದ್ದ ಚೂರು ಬೆಳಕೂ ಹೋಯಿತು. ಗಂಡಿನ ಕಡೆಯವರು ಬಂದ ದಿನ ಮೋಡ ಬೇರೆ. ಕಾಫಿ ಕೊಟ್ಟು, ಅಮ್ಮ ತೋರಿಸಿದ ಜಾಗದಲ್ಲೇ ಕೂತೆ. ಹುಡುಗನ ತಾಯಿ ಕಣ್ಣು ಕಿರಿದು ಮಾಡಿದರು.

“ಇಲ್ಲಿ ಎಂತದೂ ಸರಿ ಕಾಣುವುದಿಲ್ಲ. ಜಗಲಿಗೆ ಬಾ ಮಗಾ, ಅಲ್ಲಿ ಬೆಳಕು ಉಂಟು.”

ಜಗಲಿಯ ಗೋಡೆಗೆ, ನೆಂಟರು ಬರುತ್ತಾರೆಂದೇ, ಹೊಸ ಸುಣ್ಣ ಬಳಿಸಿದ್ದರು. ಆ ಬಿಳಿಗೆ ಬೆನ್ನು ಕೊಟ್ಟು ನಿಂತೆ. ಅವರು ನೋಡಿದರು, ನೋಡಿ ಮುಗಿಸಿದರು. ಭೂಮಿ ಬಾಯ್ಬಿಡಬಾರದೇ ಎನಿಸಿತು. ತಿಳಿಸುತ್ತೇವೆಂದು ಹೋದವರು ತಿಳಿಸಲೇ ಇಲ್ಲ. ಆಮೇಲೆ ಬಂದವರದ್ದೂ ಅದೇ ಕಥೆ. ಕ್ರಮೇಣ ಬರುವವರೂ ನಿಂತರು. ನಾನು ಆ ಹಸಿರು ಕತ್ತಲೆಯಲ್ಲಿ ಊರಿನ ಮದುವಣಗಿತ್ತಿಯರ ರವಿಕೆ ಹೊಲಿಯುತ್ತ ಉಳಿದೆ. ಅತ್ತರೆ ಬಟ್ಟೆಗೆ ಕಲೆಯಾಗುತ್ತದೆಂದು ಅಳುವುದನ್ನೂ ಬಿಟ್ಟೆ.

ತಂಗಿಗೆ ಉಡುಪಿಯ ಸಂಬಂಧ ಬರುವಾಗ ಎಂಬತ್ತರ ದಶಕ ಅರ್ಧ ಕಳೆದಿತ್ತು. ತಂಗಿ ಬೆಳ್ಳಗೆ. ಈ ಸಲ ಸ್ಟೂಲೂ ಇಲ್ಲ, ಮಾವನೂ ಇಲ್ಲ. ಅಮ್ಮ ಚಾವಡಿಗೆ ನೇರ ತಿಳಿಹಳದಿ ಹೊಡೆಸಿದರು. ಸಂಜೆ ಪೇಟೆಯಿಂದ ಬಂದು ನೋಡುತ್ತೇನೆ, ಚಾವಡಿ ತುಂಬ ಬೆಳಕು. ಕಿಟಕಿಯ ಕೆಳಗೆ ಮಾತ್ರ ಮಿಷನ್ನು ಇರಲಿಲ್ಲ.

“ನೀನು ಅವತ್ತು ಕೇಳಿದ ಬಣ್ಣವೇ, ಅಲ್ವಾ?” ಎಂದರು ಅಮ್ಮ. “ನಿನ್ನ ಮಿಷನ್ನು ಒಳಕೋಣೆಗೆ ಹಾಕಿಸಿದ್ದೇನೆ. ನಾಳೆ ಅವರು ಬಂದು ಹೋಗುವವರೆಗೆ ನೀನೂ ಅಲ್ಲೇ ಇರು.”

ಒಳಕೋಣೆಗೆ ಕಿಟಕಿಯೇ ಇರಲಿಲ್ಲ.