ಅಡುಗೆಮನೆಯ ಫೋಟೋ ತೆಗೆಯಲು ಬಂದವರು

ಜಯನಗರದ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದವರು ಮೂವರು. ಒಬ್ಬಳು ಹುಡುಗಿ, ಇಬ್ಬರು ಹುಡುಗರು. ಕಂಪ್ಯೂಟರಿನಲ್ಲಿ ಆಡುವ ಆಟಗಳಿಗೆ ಬೇಕಾದ ಸಾಮಾನು ಸರಂಜಾಮುಗಳನ್ನು ಚಿತ್ರದಲ್ಲಿ ಮಾಡಿಕೊಡುವುದು ಅವರ ಕೆಲಸ. ಆಟ ಕಟ್ಟುವವರು ಹೊರದೇಶದಲ್ಲೆಲ್ಲೋ ಇರುತ್ತಾರೆ. ಅವರ ಆಟದಲ್ಲಿ ಒಂದು ಹಡಗುಕಟ್ಟೆ ಇದ್ದರೆ, ಅಲ್ಲಿ ಬಿದ್ದಿರುವ ಹಗ್ಗ, ಪೆಟ್ಟಿಗೆ, ಪೀಪಾಯಿಗಳು ನಮ್ಮ ಮಹಡಿಯಲ್ಲಿ ತಯಾರಾಗುತ್ತವೆ. ಬಂದ ಮೊದಲ ವರ್ಷ ಹೆಚ್ಚುಕಡಿಮೆ ಬರೀ ಪೀಪಾಯಿಯೇ ಮಾಡಿದರು.

ಯಡಿಯೂರು ಕೆರೆಯ ಸುತ್ತ ನನ್ನ ಜೊತೆ ವಾಕಿಂಗ್ ಬರುವ ಪಕ್ಕದ ಮನೆಯಾಕೆ ಒಂದು ದಿನ ಕೇಳಿದರು, "ನಿಮ್ಮ ಮೇಲಿನವರು ಏನ್ ಮಾಡ್ತಾರ್ರೀ?"

"ಪೀಪಾಯಿ ಮಾಡ್ತಾರೆ."

"ಅಯ್ಯೋ, ಶಬ್ದ ಬರಲ್ವಾ?"

"ಇಲ್ಲ."

ಅವರು ಯೋಚಿಸುತ್ತ ಅರ್ಧ ಸುತ್ತು ನಡೆದರು. "ಹಾಗಿದ್ರೆ ಒಳ್ಳೇ ಬಾಡಿಗೆಯವರು ಬಿಡಿ. ಬಿಟ್ಕೊಡಬೇಡಿ," ಎಂದರು.

ಮೂವರಲ್ಲಿ ಯಜಮಾನಿಕೆ ಹುಡುಗಿಯದು. ಹಣೆಯ ಮೇಲೆ ಕೂದಲು ಬೀಳದಂತೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳು, ಆಮೇಲೆ ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಪೀಪಾಯಿ ಮುಟ್ಟಬಾರದು ಎಂದು ಅವರಲ್ಲೊಂದು ಕಟ್ಟುಪಾಡು. ಆ ಹೊತ್ತು ತಮ್ಮದೇ ಆಟಕ್ಕೆ. ಒಂದು ಶುಕ್ರವಾರ ಮೇಲಕ್ಕೆ ಚಿತ್ರಾನ್ನ ಒಯ್ದಿದ್ದಾಗ ಅವಳು ಅದನ್ನು ವಿವರಿಸಿದಳು. ಅಜ್ಜಿಯೊಬ್ಬರ ಕನ್ನಡಕ ಕಳೆದುಹೋಗಿದೆ. ಆಡುವವರು ಅವರ ಮನೆಯಲ್ಲಿ ಹುಡುಕಿ ಕೊಡಬೇಕು. ಹುಡುಕುತ್ತ ಹುಡುಕುತ್ತ ಅಜ್ಜಿ ಎಂಥವರು ಎಂದು ಗೊತ್ತಾಗಬೇಕು. ಅಷ್ಟೇ ಆಟ.

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಕೇಳಿದರು, "ಗುಂಡು ಹೊಡೆಯೋದು?"

"ಇಲ್ಲ ಅಂಕಲ್."

"ಅಟ್ಟಿಸಿಕೊಂಡು ಬರೋರು?"

"ಯಾರೂ ಬರಲ್ಲ."

"ಮತ್ತೆ ಯಾಕಮ್ಮಾ ಆಡ್ತಾರೆ? ನಾನು ದಿನಾ ಪುಕ್ಕಟೆ ಹುಡುಕ್ತೀನಲ್ಲ."

ಹುಡುಗಿ ನಕ್ಕಳು, ಆದರೆ ಪೂರ್ತಿ ನಗಲಿಲ್ಲ. ಆಟಗಳಿಗೆ ಬಂಡವಾಳ ಹಾಕುವ ಹೊರದೇಶದ ಕಂಪನಿಯೊಂದು ತಿಂಗಳ ಕೊನೆಗೆ ಇದನ್ನು ಆಡಿ ನೋಡಲು ಒಪ್ಪಿತ್ತು. ಅವರು ಹೂಂ ಅಂದರೆ ಈ ಮೂವರೂ ದಿನವಿಡೀ ಇದನ್ನೇ ಮಾಡಬಹುದು. ಊಹೂಂ ಅಂದರೆ ಇದನ್ನು ಮುಚ್ಚಿಟ್ಟು, ಹಣ್ಣುಗಳು ಗಿರಗಿರ ತಿರುಗಿ ನಾಣ್ಯ ಉದುರಿಸುವ ಜೂಜಿನ ಆಟದವರಿಗೆ ನಿಂಬೆಹಣ್ಣು, ಚೆರ್‍ರಿಹಣ್ಣು ಮಾಡಿಕೊಡುವ ದೊಡ್ಡ ಗುತ್ತಿಗೆ ಹಿಡಿಯುವುದಾಗಿ ಅವಳು ಹುಡುಗರಿಗೆ ಮಾತು ಕೊಟ್ಟಿದ್ದಳು. ಅವರಿಗೂ ಸಂಸಾರವಿದೆ.

"ಇಲ್ಲಾಂದ್ರೆ ನಿಂಬೆಹಣ್ಣೇ ಆಂಟಿ," ಎಂದಳು, ಚಿತ್ರಾನ್ನ ನೋಡುತ್ತ. ಆಮೇಲೆ, "ಶನಿವಾರ ನಿಮ್ಮ ಅಡುಗೆಮನೆ ಫೋಟೋ ತೆಗೀಬಹುದಾ? ಅಜ್ಜಿ ಅಡುಗೆಮನೆಗೆ ಬೇಕು."

ನನ್ನನ್ನು ಅಜ್ಜಿಯ ಲೆಕ್ಕಕ್ಕೆ ಸೇರಿಸಿದ್ದನ್ನು ನಾನು ಗಮನಿಸಿದೆ. ಆದರೂ "ಧಾರಾಳವಾಗಿ ಬಾ," ಎಂದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ನೋಡಲು ಬರುತ್ತಾರೆ ಎಂದರೆ ಡೆಸ್ಕಿನ ಒಳಗು, ಉಗುರಿನ ಒಳಗು ಎರಡೂ ಉಜ್ಜಿಟ್ಟುಕೊಳ್ಳಬೇಕು ಎಂದು ಕಲಿತದ್ದು ಇವತ್ತಿಗೂ ಕೈಬಿಟ್ಟಿಲ್ಲ. ಶುಕ್ರವಾರ ಸಂಜೆಯೇ ಶುರುಮಾಡಿದೆ. ಒಲೆಯ ಸುತ್ತ ಹಾಲು ಉಕ್ಕಿ ಕಂದಾಗಿದ್ದ ಕಲೆ ಕೆರೆದೆ. ಸ್ವಿಚ್ಚಿನ ಮೇಲೆ ಕೂತಿದ್ದ ಅರಿಶಿನದ ಬೆರಳಚ್ಚು ಒರೆಸಿದೆ. ನಲ್ಲಿಯ ಕತ್ತಿಗೆ ಹಾಕಿಟ್ಟಿದ್ದ ರಬ್ಬರ್ ಬ್ಯಾಂಡುಗಳನ್ನೆಲ್ಲ ಕಳಚಿದೆ. ಫ್ರಿಜ್ಜಿನ ಪಕ್ಕ ನೇತಾಡುವ, ಕವರುಗಳನ್ನು ತುರುಕಿಟ್ಟ ಕವರನ್ನು ಮಂಚದ ಕೆಳಗೆ ತಳ್ಳಿದೆ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ನಮ್ಮವರ ಹಳೇ ಬನಿಯನ್ನಿನದು. ಅದನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟು, ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನಿಂದ ಹೂವಿನ ಚಿತ್ರವಿದ್ದ ಹೊಸ ಬಟ್ಟೆ ತಂದು ತೂಗುಹಾಕಿದೆ. ಶೋಕೇಸಿನಲ್ಲಿದ್ದ ಗಾಜಿನ ಜಾಡಿಗಳು ಅಡುಗೆಮನೆಗೆ ಬಂದವು. ಮೂಲಂಗಿ ಹುಳಿಯ ವಾಸನೆ ಇರಬಾರದೆಂದು ಶನಿವಾರ ಬೆಳಗ್ಗೆ ಬರೀ ಉಪ್ಪಿಟ್ಟು ಮಾಡಿದೆ.

"ಫೋಟೋಗೆ ವಾಸನೆ ಬರುತ್ತೇನೇ?" ಎಂದರು ನಮ್ಮವರು.

"ನೀವು ಸುಮ್ನಿರಿ."

ಹುಡುಗಿಯೂ ಹುಡುಗರೂ ಬಂದರು. ಎಲ್ಲ ಮೂಲೆಯಿಂದಲೂ ಫೋಟೋ ತೆಗೆದರು, ಟೇಪು ಹಿಡಿದು ಅಳೆದರು. ಗಡ್ಡದ ಹುಡುಗ ಮಾತ್ರ ಸ್ವಲ್ಪ ಹೊತ್ತು ಒಲೆಯನ್ನೇ ನೋಡಿ, "ಆಂಟಿ, ದಿನಾ ಇಲ್ಲೇ ಅಡುಗೆ ಮಾಡ್ತೀರಾ?" ಎಂದು ಕೇಳಿದ. ಹೊಗಳಿಕೆ ಎಂದುಕೊಂಡು, "ದಿನಾ ಎರಡು ಹೊತ್ತು," ಎಂದೆ.

ಮುಂದಿನ ದಿನಗಳಲ್ಲಿ ಕಾಫಿ ಕೊಡುವ ನೆಪದಲ್ಲಿ ಮೇಲಕ್ಕೆ ಹೋದಾಗಲೆಲ್ಲ ಪರದೆಯ ಮೇಲೆ ನನ್ನ ಅಡುಗೆಮನೆ ಏಳುತ್ತಿತ್ತು. ಮೊದಲು ಬರೀ ಬೂದು ಬಣ್ಣ, ಆಮೇಲೆ ಜಾಡಿ, ಆಮೇಲೆ ಹೂವಿನ ಬಟ್ಟೆ. ಮುಗಿದಾಗ ಎಲ್ಲಿಯೂ ಒಂದು ಕಲೆ ಇರಲಿಲ್ಲ. ನಮ್ಮ ಮನೆಗಿಂತ ಚೆನ್ನಾಗಿತ್ತು. ನನಗೆ ತುಂಬ ತೃಪ್ತಿಯಾಯಿತು.

ಕಂಪನಿಯವರು ನೋಡುವ ಮೊದಲು ಒಮ್ಮೆ ಆಡಿಸಿ ನೋಡೋಣವೆಂದು ಅವರು ಒಬ್ಬ ಗೆಳೆಯನನ್ನು ಕರೆಸಿದರು. ನಾನೂ ಕೋಡುಬಳೆ ತಟ್ಟೆಯೊಂದಿಗೆ ಹಿಂದೆ ನಿಂತೆ. ಆತ ಅಡುಗೆಮನೆಗೆ ಹೊಕ್ಕ, ಒಂದು ಸಲ ಸುತ್ತ ತಿರುಗಿದ, ಹೊರಗೆ ಬಂದ.

"ಅಲ್ಲಿ ಯಾಕೋ ಹುಡುಕಲಿಲ್ಲ?" ಎಂದಳು ಹುಡುಗಿ.

"ಏನಿದೆ ಗುರು ಅಲ್ಲಿ ಹುಡುಕೋಕೆ? ಶೋರೂಂ ಥರ ಇದೆ. ಅಜ್ಜಿ ಊಟ ಹೋಟೆಲಿಂದ ತರಿಸ್ತಾರೆ ಅನ್ಸುತ್ತೆ."

ನನ್ನ ಕೋಡುಬಳೆಯನ್ನೇ ತಿನ್ನುತ್ತ ಹಾಗೆಂದ. ಗಡ್ಡದ ಹುಡುಗ ನೆಲ ನೋಡಿದ. ಹುಡುಗಿ ತಲೆಯಿಂದ ಪೆನ್ಸಿಲ್ ಕಿತ್ತು ಮೇಜಿನ ಮೇಲಿಟ್ಟು, "ಸರಿ, ನಿಂಬೆಹಣ್ಣು," ಎಂದಳು. ಕಂಪನಿಯವರ ವಿಡಿಯೋ ಕರೆಗೆ ಇನ್ನೊಂದೇ ವಾರವಿತ್ತು.

ಮರುದಿನ ಬೆಳಗ್ಗೆ ಮೇಲೆ ನೀರು ಬರುತ್ತಿಲ್ಲ, ಮೋಟಾರ್ ಹಾಕಿ ಎನ್ನಲು ಅವಳು ಕೆಳಗೆ ಬಂದಳು. ಮೋಟಾರಿನ ಸ್ವಿಚ್ಚು ಇರುವುದು ಅಡುಗೆಮನೆಯೊಳಗೆ. ಕುಕ್ಕರ್ ಕೂಗಿ ಗೋಡೆಗೆಲ್ಲ ಬೇಳೆಕಟ್ಟು ಹಾರಿತ್ತು. ತೆಂಗಿನಕಾಯಿ ಚಿಪ್ಪು ಕಟ್ಟೆಯ ಮೇಲಿತ್ತು. ನಲ್ಲಿಯ ಕತ್ತಿನಲ್ಲಿ ರಬ್ಬರ್ ಬ್ಯಾಂಡುಗಳು ಮತ್ತೆ ಸೇರಿದ್ದವು. ಸ್ವಿಚ್ಚು ಹಳದಿ. ನಾನು ಬನಿಯನ್ ಬಟ್ಟೆಯಲ್ಲಿ ಹಾಲಿನ ಪಾತ್ರೆ ಇಳಿಸುತ್ತಿದ್ದೆ.

ಅವಳು ಬಾಗಿಲಲ್ಲೇ ನಿಂತಳು. "ಆಂಟಿ, ಇದು ಯಾರ ಅಡುಗೆಮನೆ?"

"ನಮ್ಮದೇ ಕಣಮ್ಮ."

"ನಾವು ಫೋಟೋ ತೆಗೆದಿದ್ದು?"

"ಅದೂ ನಮ್ಮದೇ. ನೀವು ಬರ್ತೀರಿ ಅಂತ ಸ್ವಲ್ಪ ಒಪ್ಪ ಮಾಡಿದ್ದೆ."

ಅವಳು ಮೋಟಾರ್ ಮರೆತು ಮೆಟ್ಟಿಲ ಬುಡಕ್ಕೆ ಓಡಿದಳು. "ಮಗಾ, ಕ್ಯಾಮೆರಾ ತಗೊಂಡ್ ಬಾ! ಇಬ್ರೂ ಬನ್ನಿ! ಆಂಟಿ, ಏನನ್ನೂ ಮುಟ್ಟಬೇಡಿ!"

ಮೂವರೂ ನುಗ್ಗಿದರು. ಆಗ ಹುಡುಗಿ ನನಗೆ ತಮ್ಮ ಕೆಲಸದ ರೀತಿ ಹೇಳಿದಳು. ಒಂದು ಪೀಪಾಯಿ ಮಾಡಿದರೂ ಅದನ್ನು ಉರುಳಿಸುವವನ ಕೈ ಎಲ್ಲಿ ಬೀಳುತ್ತದೆ, ಎಲ್ಲಿ ಸವೆಯುತ್ತದೆ ಎಂದು ಯೋಚಿಸಿಯೇ ಬಣ್ಣ ಹಚ್ಚುತ್ತಾರಂತೆ. ಸವೆತ ಇಲ್ಲದಿದ್ದರೆ ನೋಡುವವರಿಗೆ ಅಲ್ಲಿ ಯಾರೋ ಇದ್ದರು ಅನ್ನಿಸುವುದಿಲ್ಲ. "ನಿಮ್ಮ ಕಿಚನ್‌ಗೂ ನಾವೇ ಸವೆತ ಹಾಕ್ಬಹುದಿತ್ತು. ಆದ್ರೆ ನೀವು ಕಾಫಿ ತಂದಾಗೆಲ್ಲ ಸ್ಕ್ರೀನ್ ನೋಡಿ ಅಷ್ಟು ಖುಷಿ ಪಡ್ತಿದ್ರಿ. ಇವನು ಹಾಲಿನ ಕಲೆ ಹಾಕ್ತೀನಿ ಅಂದ, ಆಂಟಿಗೆ ಬೇಜಾರಾಗುತ್ತೆ ಅಂತ ನಾನೇ ಬೇಡ ಅಂದೆ."

ನಾನು ಹೋಗಿ ಮೋಟಾರ್ ಹಾಕಿದೆ.

ಗಡ್ಡದವನು ನೆಲದ ಮೇಲೆ ಅಂಗಾತ ಮಲಗಿ ಒಲೆಯ ಕಟ್ಟೆಯ ಅಡಿ ಫೋಟೋ ತೆಗೆದ. ಅಲ್ಲಿ ನಾನೇ ನೋಡಿರದ ಒಂದು ಬೆಳ್ಳುಳ್ಳಿ ಇತ್ತು. ಇನ್ನೊಬ್ಬ ಅರಿಶಿನದ ಸ್ವಿಚ್ಚಿನ ಮುಂದೆ ಕಣ್ಣು ಕಿರಿದು ಮಾಡಿ ನಿಂತು, "ಸಖತ್," ಎಂದ. ನನ್ನ ಕೈ ತಾನಾಗಿ ಬಟ್ಟೆಯ ಕಡೆ ಹೋಯಿತು.

"ಆಂಟಿ, ಪ್ಲೀಸ್. ಕೈ ಕಟ್ಟಿ ನಿಲ್ಲಿ."

ಕೈ ಕಟ್ಟಿ ನಿಂತೆ. ನಾಲ್ಕನೇ ಕ್ಲಾಸಿನ ನಂತರ ಹಾಗೆ ನಿಂತಿರಲಿಲ್ಲ. ಕೊನೆಗೆ ಮಂಚದ ಕೆಳಗಿನಿಂದ ಕವರುಗಳ ಕವರನ್ನು ನಾನೇ ಎಳೆದು ತಂದು ಅದರ ಮೊಳೆಗೆ ನೇತುಹಾಕಿದೆ. ಯಾರೂ ಕೇಳಿರಲಿಲ್ಲ.

ಆ ವಾರವೆಲ್ಲ ಅವರು ನನ್ನ ಅಡುಗೆಮನೆಯನ್ನು ಗಲೀಜು ಮಾಡಿದರು, ಬಹಳ ಶ್ರದ್ಧೆಯಿಂದ. ಕಾಫಿ ಒಯ್ದಾಗ ನಾನೂ ನೋಡಿ ಹೇಳುತ್ತಿದ್ದೆ, "ಆ ಕಲೆ ಇನ್ನೂ ಸ್ವಲ್ಪ ಎಡಕ್ಕೆ. ನಾನು ಹಾಲಿಡೋದು ಎಡಗಡೆಯ ಚಿಕ್ಕ ಬರ್ನರ್ ಮೇಲೆ." ಹಾಗನ್ನುವಾಗ ಪ್ರತಿ ಸಲವೂ ಸಿಸ್ಟರ್ ನೆನಪಾಗುತ್ತಿದ್ದರು.

ಸೋಮವಾರದ ಕರೆಗೆ ನಮ್ಮವರೂ ಮೇಲೆ ಬಂದು, ಕ್ಯಾಮೆರಾ ಕಣ್ಣಿಗೆ ಬೀಳದ ಕಡೆ ಕುರ್ಚಿ ಹಾಕಿಕೊಂಡರು. ಪರದೆಯ ಮೂಲೆಯಲ್ಲಿ ದಪ್ಪ ಸ್ವೆಟರ್ ತೊಟ್ಟ ಹೆಂಗಸೊಬ್ಬಳು ಕಾಣುತ್ತಿದ್ದಳು. ಆಡುವವಳು ಅವಳೇ. ಹಾಲ್ ದಾಟಿ ಸೀದಾ ಅಡುಗೆಮನೆಗೆ ಬಂದಳು. ನಿಂತಳು. ನಲ್ಲಿಯ ಹತ್ತಿರ ಬಗ್ಗಿ ನೋಡಿದಳು. ಹುಡುಗಿ ನನ್ನ ಮೊಣಕೈ ಹಿಡಿದುಕೊಂಡಳು.

ಕವರುಗಳ ಕವರನ್ನು ತೆರೆದು ನೋಡಿ ಆ ಹೆಂಗಸು ನಕ್ಕಳು. ತನ್ನ ತಾಯಿಯ ಮನೆಯಲ್ಲೂ ಇಂಥದ್ದೊಂದಿದೆ ಎಂದಳು. ಕನ್ನಡಕ ಅಲ್ಲಿರಲಿಲ್ಲ. ಆದರೂ ಒಂದೊಂದೇ ಡಬ್ಬಿ ತೆರೆಯುತ್ತ ಅಲ್ಲೇ ಉಳಿದಳು. ಆಮೇಲೆ ಮೊಳೆಗೆ ನೇತಾಡುವ ಮಸಿಬಟ್ಟೆ ತೋರಿಸಿ, ಅದು ಏನು, ಅದಕ್ಕೆ ತೋಳು ಯಾಕಿದೆ ಎಂದು ಕೇಳಿದಳು.

ಹುಡುಗಿ ಇಂಗ್ಲಿಷಿನಲ್ಲಿ ವಿವರಿಸಿದಳು. ನಮ್ಮ ಯಜಮಾನರು ಕುರ್ಚಿಯಲ್ಲಿ ಸ್ವಲ್ಪ ಕುಗ್ಗಿದರು.

ಕಂಪನಿಯವರು ಹೂಂ ಅಂದರು. ಆದರೆ ಒಂದು ಮಾತು: ಅಡುಗೆಮನೆಯಲ್ಲಿ ಮಾತ್ರ ಯಾರೋ ಬದುಕುತ್ತಿದ್ದಾರೆ, ಉಳಿದ ಮನೆಯೂ ಹಾಗಾಗಬೇಕು. ಹುಡುಗರು ಒಬ್ಬರ ಬೆನ್ನು ಒಬ್ಬರು ಗುದ್ದಿಕೊಂಡರು. ಹುಡುಗಿ ಅತ್ತಳು, ಮೂಗು ಒರೆಸಿಕೊಳ್ಳಲು ಏನೂ ಸಿಗದೆ ನನ್ನ ಸೆರಗು ತೆಗೆದುಕೊಂಡಳು. ಆಮೇಲೆ, "ಆಂಟಿ, ಶನಿವಾರ ನಿಮ್ಮ ಹಾಲ್‌ಗೆ ಬರ್ತೀವಿ. ಏನೂ ಮಾಡಬೇಡಿ, ದಯವಿಟ್ಟು," ಎಂದಳು.

ಶನಿವಾರ ಬೆಳಗ್ಗೆ ನಾನು ಏನೂ ಮಾಡಲಿಲ್ಲ. ಟಿವಿಯ ಮೇಲಿನ ಧೂಳನ್ನು ಕಂಡೂ ಕಾಣದಂತೆ ಕೂತಿದ್ದೆ. ಸ್ನಾನ ಮುಗಿಸಿ ಹಾಲ್‌ಗೆ ಬಂದರೆ, ನಮ್ಮ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀರುವಿನಿಂದ ಹೊಸ ಸೋಫಾ ಕವರ್ ತೆಗೆದು ಅರ್ಧ ಹಾಕಿಬಿಟ್ಟಿದ್ದರು.

"ಇದೇನ್ರೀ?"

"ಹೊರದೇಶದವರು ನೋಡ್ತಾರೆ. ಬನಿಯನ್ ನೋಡಿದ್ದು ಸಾಕು."

"ಅದನ್ನ ತೆಗೀರಿ. ಹಳೇ ಕವರ್ ಹಾಕಿ, ನಿಮ್ಮ ಜಾಗದಲ್ಲಿ ಸ್ವಲ್ಪ ಹೊತ್ತು ಕೂತ್ಕೊಳಿ."

"ಯಾಕೆ?"

"ದಿನಾ ನೀವು ಕೂತು ಒಂದು ಗುಂಡಿ ಬಿದ್ದಿದೆಯಲ್ಲ, ಅದು ಬೇಕು ಅವರಿಗೆ."

ಅವರು ಗೊಣಗುತ್ತ ಹಳೇ ಕವರ್ ಹಾಕಿ, ಪೇಪರ್ ಹಿಡಿದು ಕೂತರು. ಬಾಗಿಲ ಗಂಟೆ ಆದಾಗ ಮೇಲೇಳಲು ಹೋದವರು ಮತ್ತೆ ಕೂತು, "ಇನ್ನೊಂದೆರಡು ನಿಮಿಷ ಇರು," ಎಂದರು.